ಚೀಟಿ ಎಷ್ಟು, ರೋಗಿ ಎಷ್ಟು?

ಜಮಖಂಡಿ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ವೈದ್ಯಾಧಿಕಾರಿ. ಕೃಷ್ಣಾ ನದಿಯ ದಂಡೆ, ಎತ್ತ ನೋಡಿದರೂ ಕಬ್ಬು. ಊರೊಳಗೆ ಇರುವಂತೆಯೇ ತೋಟದ ವಸ್ತಿಗಳಲ್ಲೂ ಜನ ಬಹಳ.

ಮೊದಲ ವರ್ಷ ಮುಗಿದಾಗ ಒಪಿಡಿ, ಅಂದರೆ ಹೊರರೋಗಿಗಳ, ರಿಜಿಸ್ಟರ್ ಹಿಡಿದು ಕೂತೆ. ಒಂದು ಸಲ ಬಂದರೆ ಒಂದು ಚೀಟಿ. ಯಾವ ಕಾಯಿಲೆಗೆ ಎಷ್ಟು ಚೀಟಿ ಅಂತ ಎಣಿಸಿದೆ. ಬಿಪಿಗೆ ಮೊದಲ ಸ್ಥಾನ ಬಂತು. ನೆಗಡಿ, ಜ್ವರ ಎಲ್ಲಾ ಅದರ ಹಿಂದೆ. ಮೀಟಿಂಗಿನಲ್ಲಿ ಹೆಮ್ಮೆಯಿಂದ ಹೇಳಿಯೂ ಬಿಟ್ಟೆ. ಮರುದಿನ ಚಹಾ ಕುಡಿಯುವಾಗ ನಮ್ಮ ಫಾರ್ಮಾಸಿಸ್ಟ್ ಮೆಲ್ಲಗೆ ಕೇಳಿದರು: "ಸರ, ಬಿಪಿ ಗುಳಿಗಿ ಒಯ್ಯೋ ಮಂದಿ ಎಲ್ಲಾರ ಮುಖಾನೂ ನನಗ ಗೊತ್ತೈತಿ. ಅಷ್ಟ್ ಮಂದಿ ಎಲ್ಲಿ ಅದಾರ್ರಿ?"

ಹೌದಲ್ವಾ! ಒಬ್ಬರು ತಿಂಗಳಿಗೊಮ್ಮೆ ಬಂದರೆ ವರ್ಷಕ್ಕೆ 12 ಚೀಟಿ. ನೂರು ಜನಕ್ಕೆ 1,200. ನೆಗಡಿಗೆ 600 ಜನ ಒಂದೊಂದೇ ಸಲ ಬಂದರೆ 600 ಚೀಟಿ. ಚೀಟಿ ಎಣಿಸಿದರೆ ಬಿಪಿ ನೆಗಡಿಯ ಎರಡು ಪಟ್ಟು, ಜನರನ್ನು ಎಣಿಸಿದರೆ ಆರರಲ್ಲಿ ಒಂದು ಪಾಲು. ರಿಜಿಸ್ಟರಿನಲ್ಲಿ ಹೊಸಬರು, ಹಳಬರು ಅಂತ ಕಾಲಂ ಇದ್ದೇ ಇತ್ತು. ಗದ್ದಲದಲ್ಲಿ ನಾವು ಎಲ್ಲರನ್ನೂ ಹೊಸಬರು ಅಂತಲೇ ಬರೆಯುತ್ತಿದ್ದೆವು.

ಇನ್ನೊಂದು ಸಲ ಶುಗರ್ ಚೀಟಿ ಒಂದೇ ತಿಂಗಳಲ್ಲಿ ಮೂರು ಪಟ್ಟಾಯಿತು. ನಾನು ಗಾಬರಿಯಾದೆ. ನೋಡಿದರೆ ಶುಗರ್ ಗುಳಿಗೆ ಮೆಟ್‌ಫಾರ್ಮಿನ್ ಸ್ಟಾಕ್ ಕಮ್ಮಿ ಇತ್ತು ಅಂತ 30 ದಿನದ ಬದಲು 10 ದಿನದ ಗುಳಿಗೆ ಕೊಡುತ್ತಿದ್ದೆವು. ಅದೇ ಮಂದಿ ಮೂರು ಮೂರು ಸಲ ಬರುತ್ತಿದ್ದರು. ಅದರ ಮುಂದಿನ ತಿಂಗಳು ಚೀಟಿ ಇಳಿಯಿತು. ಸ್ಟಾಕ್ ಬಂತಲ್ಲ ಅಂತ ಸಮಾಧಾನವಾಯಿತು. ಹೆಸರು ಹಿಡಿದು ನೋಡಿದಾಗ ಕೆಲವರು ಬರುವುದನ್ನೇ ಬಿಟ್ಟಿದ್ದರು. ಅವರಲ್ಲಿ ಒಬ್ಬ ಅಜ್ಜ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು ಹೇಳಿದ: "ಮೂರು ಸಲ ದವಾಖಾನಿಗೆ ಬರಬೇಕಂದ್ರ ಮೂರು ದಿನದ ಪಗಾರ ಹೋಕ್ಕೈತ್ರಿ ಸಾಹೇಬ್ರ." ಅವತ್ತಿನಿಂದ ಚೀಟಿ ಏರಿದರೂ ಇಳಿದರೂ ಮೊದಲು ಗುಳಿಗೆಯ ಲೆಕ್ಕ ನೋಡುತ್ತೇನೆ.

ಆಮೇಲೆ ಒಂದು ನೂರು ಪುಟದ ನೋಟ್‌ಬುಕ್ ತಂದೆ. ರಿಜಿಸ್ಟರಿನಲ್ಲಿ ಇಲ್ಲದ ಎರಡು ಪ್ರಶ್ನೆ ಅದರಲ್ಲಿ: ಯಾವ ಓಣಿ ಅಥವಾ ವಸ್ತಿ? ಎಷ್ಟು ದಿನದಿಂದ ಆರಾಮ ಇಲ್ಲ? ಸಿಸ್ಟರ್‌ಗೆ ಸಿಟ್ಟು ಬಂತು. ತುಂಬುವ ರಿಜಿಸ್ಟರ್‌ಗಳೇ ಸಾಲದಾ ಅಂತ. ನ್ಯಾಯವೇ. ಕೊನೆಗೆ ಜ್ವರ, ಭೇದಿ, ಕೆಮ್ಮು ಇದ್ದವರಿಗೆ ಮಾತ್ರ ಕೇಳುವುದು ಅಂತ ರಾಜಿಯಾಯಿತು.

ಅದರ ಫಲ ಮಳೆಗಾಲದಲ್ಲಿ ಸಿಕ್ಕಿತು. ಹೊಳೆಗೆ ಕೆಂಪು ನೀರು ಬಂದಿತ್ತು. ಎರಡು ದಿನದಲ್ಲಿ ವಾಂತಿ ಭೇದಿಯ ನಾಲ್ಕು ಚೀಟಿ. ನಾಲ್ಕು ಅಂದರೆ ಆ ದಿನಗಳಲ್ಲಿ ಏನೂ ಅಲ್ಲ. ಆದರೆ ನಾಲ್ಕೂ ಒಂದೇ ಓಣಿ. ರೋಗ ಹರಡುವುದರ ಮೇಲೆ ಕಣ್ಣಿಡಲು 2004ರಲ್ಲಿ ಶುರುವಾದ ಸರ್ಕಾರಿ ಕಾರ್ಯಕ್ರಮ ಐಡಿಎಸ್‌ಪಿಗೆ ನಾವು ಆಗ ವಾರ ವಾರ ಕಳಿಸುತ್ತಿದ್ದ ಪಿ ಫಾರ್ಮ್ ಎಂಬ ವರದಿಯಲ್ಲಿ ಇವು ಒಟ್ಟು ಸಂಖ್ಯೆಯೊಳಗೆ ಕರಗಿ ಹೋಗುತ್ತಿದ್ದವು. ಸಂಜೆಯೇ ಹೋದೆವು. ಗಟಾರದೊಳಗೇ ನಳದ ಪೈಪು, ಜಾಯಿಂಟಿನಲ್ಲಿ ಸೀಳು. ಕ್ಲೋರೋಸ್ಕೋಪಿನಲ್ಲಿ ನೀರು ಹಾಕಿದರೆ ಹಳದಿ ಬಣ್ಣ ಬರಲೇ ಇಲ್ಲ, ಅಂದರೆ ಕ್ಲೋರಿನ್ ಇಲ್ಲ. ಆ ನಳ ಬಂದ್ ಮಾಡಿಸಿ, ಟ್ಯಾಂಕರ್ ತರಿಸಿ, ಆಶಾ ಕಾರ್ಯಕರ್ತೆಯ ಕೈಯಲ್ಲಿ ಮನೆ ಮನೆಗೆ ಓಆರ್‌ಎಸ್ ಪಾಕೀಟು ಕೊಡಿಸಿದೆವು. ಮಾರನೇ ವಾರದಿಂದ ಸಿಸ್ಟರ್ ತಾವೇ ಓಣಿ ಕೇಳತೊಡಗಿದರು.

ಮುಂದಿನ ಕೆಲಸ ಭಾಗಾಕಾರ: ಚೀಟಿಯನ್ನು ಜನಸಂಖ್ಯೆಯಿಂದ ಭಾಗಿಸುವುದು. ಬಯಲು ಸೀಮೆಯಲ್ಲಿ ಒಂದು ಕೇಂದ್ರಕ್ಕೆ 30,000 ಜನ ಅಂತ ಲೆಕ್ಕ. ಆ ಸಂಖ್ಯೆ ಇಟ್ಟುಕೊಂಡರೆ ಯಾವ ಊರಿನ ಕಥೆಯೂ ಗೊತ್ತಾಗುವುದಿಲ್ಲ. ಸುಮಾರು ಸಾವಿರ ಜನಕ್ಕೆ ಒಬ್ಬ ಆಶಾ ಇರುತ್ತಾರೆ, ಅವರ ಮನೆ ಸರ್ವೆ ಪುಸ್ತಕದಿಂದ ಊರೂರಿನ ಜನಸಂಖ್ಯೆ ತೆಗೆದೆ. 4,000 ಜನರ ಊರಿಂದ ತಿಂಗಳಿಗೆ 400 ಚೀಟಿ, 1,000 ಜನರ ವಸ್ತಿಯಿಂದ 30 ಚೀಟಿ ಅಂದುಕೊಳ್ಳಿ. ಅಲ್ಲಿ ಸಾವಿರಕ್ಕೆ 100, ಇಲ್ಲಿ ಸಾವಿರಕ್ಕೆ 30. ವಸ್ತಿಯ ಗಾಳಿ ಚೊಲೋ, ಜನ ಗಟ್ಟಿ ಅಂತ ನಾನೂ ಅಂದುಕೊಳ್ಳುತ್ತಿದ್ದೆ. ಆದರೆ ಎರಡನೇ ಪ್ರಶ್ನೆಯ ಉತ್ತರ ಎದುರಿಗಿತ್ತು. ಊರಿನವರು ಜ್ವರ ಬಂದ ಮರುದಿನ ಬರುತ್ತಿದ್ದರು. ವಸ್ತಿಯವರು ಐದು, ಆರನೇ ದಿನ. ಅಷ್ಟರಲ್ಲಿ ಎಲ್ಲೋ ಒಂದೆರಡು ಸೂಜಿ ಮಾಡಿಸಿಕೊಂಡು, ಸಾಲ ಮಾಡಿ, ಸುಸ್ತಾಗಿ.

ಸೋಮವಾರದ ನೂಕುನುಗ್ಗಲಿನ ಗುಟ್ಟು ಸುಲಭ. ಅವತ್ತು ನಮ್ಮೂರ ಸಂತೆ. ಕಾಯಿಪಲ್ಲೆ ಚೀಲ ಬಗಲಲ್ಲಿಟ್ಟುಕೊಂಡೇ ಹೆಂಗಸರು ಸಾಲಿನಲ್ಲಿ ನಿಲ್ಲುತ್ತಾರೆ. ಈಗ ವಸ್ತಿಯವರ ಬಿಪಿ, ಶುಗರ್ ತಪಾಸಣೆ ಸೋಮವಾರಕ್ಕೇ ಇಟ್ಟಿದ್ದೇವೆ.

ಇಷ್ಟೆಲ್ಲಾ ಕಲಿತ ಮೇಲೂ ಕಬ್ಬಿನ ಕಟಾವು ನನ್ನ ಲೆಕ್ಕ ಕೆಡಿಸಿತು. ಹಂಗಾಮು ಶುರುವಾದರೆ ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ, ವಿಜಯಪುರ ಕಡೆಯಿಂದ ಗ್ಯಾಂಗುಗಳು ಬರುತ್ತವೆ. ಕುಡುಗೋಲಿನ ಗಾಯ, ಸೊಂಟ ನೋವು, ಮಕ್ಕಳ ಕೆಮ್ಮು. ಅವರ ಚೀಟಿ ನಮ್ಮ ಊರಿನ ಹೆಸರಲ್ಲಿ ಏರುತ್ತದೆ, ಅವರ ತಲೆ ಮಾತ್ರ ನಮ್ಮ ಯಾವ ಜನಸಂಖ್ಯೆಯಲ್ಲೂ ಇಲ್ಲ. ಹಾಗಾಗಿ ಊರಿನ ದರ ಸುಮ್ನೆ ಉಬ್ಬುತ್ತದೆ. ಅವರಿಗೆ ಬೇರೆ ಪುಟ ಮಾಡಿದೆ. ಆಗ ಒಂದು ವಿಷಯ ಕಣ್ಣಿಗೆ ಬಿತ್ತು: ಗಾಯದ ಚೀಟಿ ಇವೆ, ಬಸುರಿಯರ ಚೀಟಿ ಒಂದೂ ಇಲ್ಲ.

ಒಪಿಡಿ ಹೊತ್ತಿನಲ್ಲಿ ಅವರು ಹೊಲದಲ್ಲಿರುತ್ತಾರೆ. ಅದಕ್ಕೆ ಒಂದು ರಾತ್ರಿ ಏಳೂವರೆಗೆ ಸಿಸ್ಟರ್, ಆಶಾ, ನಾನು ಜೀಪಿನಲ್ಲಿ ಟೆಂಟುಗಳ ಹತ್ತಿರ ಹೋದೆವು. ಒಲೆ ಹೊತ್ತಿದ್ದವು, ರೊಟ್ಟಿ ಬಡಿಯುವ ಸಪ್ಪಳ. ಮೂವರು ಬಸುರಿಯರಿದ್ದರು, ಒಬ್ಬಳಿಗೆ ಆಗಲೇ ಎಂಟು ತಿಂಗಳು. ಯಾರ ಹತ್ತಿರವೂ ತಾಯಿ ಕಾರ್ಡ್ ಇರಲಿಲ್ಲ. ಸಿಸ್ಟರ್ ಟಾರ್ಚ್ ಬೆಳಕಿನಲ್ಲಿ ಬಿಪಿ ನೋಡಿದರು, ಕಬ್ಬಿಣದ ಗುಳಿಗೆ ಕೊಟ್ಟರು, ನೋಟ್‌ಬುಕ್ ತೆಗೆದರು. ಊರಿನ ಕಾಲಮ್ಮಿನಲ್ಲಿ ಏನು ಬರೆಯಬೇಕು ಅಂತ ಕ್ಷಣ ಯೋಚಿಸಿ ಹೀಗೆ ಬರೆದರು: "ಬೀಡ. ಈಗ ಹೊಳೆದಂಡಿ ತೋಟ, ಎರಡನೇ ಟೆಂಟ್."