ಸಿಂಧನೂರು ಸೀಮೆಯಲ್ಲಿ ಲ್ಯಾಬ್ರಡಾರ್ ಮರಿಗೆ ಹೊತ್ತು ತರುವ ಕೆಲಸ ಕಲಿಸಿದ ರೀತಿ

ರಿಟ್ರೀವರ್ ತಳಿಗಳನ್ನು ಬ್ರಿಟನ್ನಿನವರು ಬೆಳೆಸಿದ್ದು ಬಂದೂಕಿನ ಬೇಟೆಗೆ. ಗುಂಡು ತಗುಲಿ ಬಿದ್ದ ಹಕ್ಕಿಯನ್ನು ಹುಡುಕಿ, ಹಲ್ಲು ಊರದೆ ಕಚ್ಚಿಕೊಂಡು ಬಂದು ಯಜಮಾನನ ಕೈಗೆ ಕೊಡುವುದು ಅವುಗಳ ಕೆಲಸ. ನಮ್ಮಲ್ಲಿ ಆ ಬೇಟೆಗೆ ಅವಕಾಶ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬಂದೂಕು ಹಿಡಿಯುವುದಷ್ಟೇ ಬೇಟೆ ಅಂತಲ್ಲ, ಬಲೆ ಒಡ್ಡುವುದು, ನಾಯಿ ಬಿಟ್ಟು ಅಟ್ಟಿಸುವುದು ಎಲ್ಲವೂ ಬೇಟೆಯ ಲೆಕ್ಕಕ್ಕೇ ಬರುತ್ತವೆ. ಯುಗಾದಿ ಸುಮಾರಿಗೆ ಮೊಲದ ಹಿಂದೆ ಹೋಗುವವರಿಗೆ ಈ ಬರಹದಿಂದ ಉಪಯೋಗವೂ ಆಗದು. ಮುಧೋಳ ನಾಯಿ ಕಣ್ಣಿಗೆ ಕಂಡದ್ದನ್ನು ಓಡಿ ಹಿಡಿಯುವ ಜಾತಿ, ಲ್ಯಾಬ್ರಡಾರ್ ಮೂಗಿನಿಂದ ಹುಡುಕುವ ಜಾತಿ. ಹಕ್ಕಿಯ ಬದಲು ಡಮ್ಮಿ, ಅಂದರೆ ಬಟ್ಟೆ ತುಂಬಿ ಹೊಲಿದ ನಕಲಿ ವಸ್ತು ಇಟ್ಟು ಅದೇ ಕೆಲಸವನ್ನು ಪೂರ್ತಿ ಕಲಿಸಬಹುದು. ನಾನು ಕಲಿಸಿದ್ದು ಹಾಗೆಯೇ.

ಎಸೆದದ್ದನ್ನು ತರುವ ಗುಣ ಮರಿಯ ರಕ್ತದಲ್ಲೇ ಇರುತ್ತದೆ, ಅದಕ್ಕೆ ನಾವು ಹೆಚ್ಚು ಕಷ್ಟಪಡಬೇಕಿಲ್ಲ. ಕಷ್ಟ ಇರುವುದು ಹೇಳುವ ತನಕ ಬಾಯಿ ಹಾಕದಂತೆ ನಿಲ್ಲಿಸುವುದರಲ್ಲಿ. ಭತ್ತದ ಗದ್ದೆಯ ಬದುವಿನ ಮೇಲೆ ಇಲಿಗೆಂದು ಜಿಂಕ್ ಫಾಸ್ಫೈಡ್ ವಿಷ ಬೆರೆಸಿದ ನುಚ್ಚು ಇಟ್ಟಿರುತ್ತಾರೆ. ಕೆಲವು ಹೊಲಗಳಲ್ಲಿ ಕಾಡುಹಂದಿಗೆಂದು ಹಿಟ್ಟಿನ ಉಂಡೆಯೊಳಗೆ ಸಿಡಿಮದ್ದು ಅಡಗಿಸಿಟ್ಟಿರುತ್ತಾರೆ, ಕಚ್ಚಿದ ಪ್ರಾಣಿಯ ದವಡೆಯೇ ಹಾರಿಹೋಗುತ್ತದೆ. ಕಂಡದ್ದನ್ನೆಲ್ಲ ಬಾಯಲ್ಲಿ ಎತ್ತುವ ತಳಿಗೆ ಈ ಅಪಾಯ ಊರ ನಾಯಿಗಿಂತ ಹೆಚ್ಚು. ಹಾಗಾಗಿ ನನ್ನ ಪಾಠದಲ್ಲಿ ‘ತಡಿ’ ಮೊದಲು, ‘ತಾ’ ಆಮೇಲೆ.

ಸಾಮಾನಿಗೆ ದೊಡ್ಡ ಖರ್ಚಿಲ್ಲ. ಮೊದಲ ಡಮ್ಮಿ, ಹಳೆ ಕಾಲುಚೀಲದೊಳಗೆ ಬಟ್ಟೆ ತುರುಕಿ ಗಂಟು ಹಾಕಿದ್ದು. ತೂಕ 150 ಗ್ರಾಂ ದಾಟಬಾರದು. ಆರು ತಿಂಗಳ ನಂತರಕ್ಕೆ ದಪ್ಪ ಕ್ಯಾನ್ವಾಸ್ ಅಥವಾ ಗಟ್ಟಿ ನೇಯ್ಗೆಯ ಗೋಣಿಯನ್ನು ಒಂದು ಅಡಿ ಉದ್ದ, ಎರಡೂವರೆ ಇಂಚು ದಪ್ಪದ ಕೊಳವೆಯಾಗಿ ದಬ್ಬಣದಿಂದ ಹೊಲಿದು, ಒಂದು ತುದಿಗೆ ಗೇಣುದ್ದ ಹಗ್ಗ ಬಿಡುತ್ತೇನೆ. ಹಗ್ಗ ಹಿಡಿದು ತಿರುಗಿಸಿ ಎಸೆದರೆ ದೂರ ಹೋಗುತ್ತದೆ. ಒಳಗೆ ಚಿಂದಿ ಬಟ್ಟೆ ತುಂಬಿ ಅರ್ಧ ಕೆಜಿಗೆ ತರಬೇಕು. ಭತ್ತದ ಹೊಟ್ಟು ಸುಲಭಕ್ಕೆ ಸಿಗುತ್ತದೆ ಅಂತ ಅದನ್ನು ತುಂಬಿದರೆ ಜೊಲ್ಲು ತಾಗಿ ಮುಗ್ಗಲು ಹಿಡಿಯುತ್ತದೆ. ನೀರಿನ ಡಮ್ಮಿಗೆ ಅರ್ಧ ಲೀಟರಿನ ಖಾಲಿ ಬಾಟಲಿ, ಮುಚ್ಚಳ ಬಿಗಿ ಮಾಡಿ, ಮೇಲೆ ಬಟ್ಟೆ ಸುತ್ತಿ ಕ್ಯಾನ್ವಾಸಿನೊಳಗೆ ಹೊಲಿದರೆ ತೇಲುತ್ತದೆ. ಬಣ್ಣದ ಮೇಲೂ ಗಮನ ಬೇಕು. ನಾಯಿಯ ಕಣ್ಣಿಗೆ ಕೆಂಪು, ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲ. ಬಿದ್ದ ಜಾಗ ನೋಡಿ ನೆನಪಿಟ್ಟುಕೊಳ್ಳಲು ಬಿಳಿ ಡಮ್ಮಿ, ಮೂಗು ಬಳಸಿ ಹುಡುಕಲು ಕೆಂಪು ಡಮ್ಮಿ. ಕೆಂಪಿನದು ನಮಗೆ ದೂರದಿಂದ ಕಾಣುತ್ತದೆ, ಹಸಿರು ಹುಲ್ಲಿನಲ್ಲಿ ನಾಯಿಗೆ ಕಾಣುವುದಿಲ್ಲ. ನಮಗೆ ಬೇಕಾದ್ದೂ ಅದೇ.

ಹತ್ತು ಮೀಟರ್ ಹಗ್ಗ ಒಂದು, ನೂಲಿನದೇ ಇರಲಿ. ನೈಲಾನ್ ಹಗ್ಗ ಸರ್ರನೆ ಜಾರಿದರೆ ಅಂಗೈ ಸುಟ್ಟಂತಾಗುತ್ತದೆ. ಸೀಟಿ ಒಳಗೆ ಗುಂಡು ಇಲ್ಲದ ಪ್ಲಾಸ್ಟಿಕ್ಕಿನದು. ಆಕ್ಮೆ 211½ ಲ್ಯಾಬ್ರಡಾರ್ ಸಾಕಿದವರು ಹೆಚ್ಚಾಗಿ ಬಳಸುವ ನಂಬರು. ಒಂದು ಕಳೆದರೂ ಅದೇ ನಂಬರಿನ ಇನ್ನೊಂದರಲ್ಲಿ ಅದೇ ಸ್ವರ ಬರುತ್ತದೆ ಎಂಬುದೇ ಅದರ ಲಾಭ. ಉದ್ದಕ್ಕೆ ಒಂದು ಊದಿದರೆ ಕೂಡಬೇಕು, ಚಿಕ್ಕಚಿಕ್ಕದಾಗಿ ನಾಲ್ಕೈದು ಸಲ ಊದಿದರೆ ಬರಬೇಕು. ಬಾಯಿಮಾತಿನಲ್ಲಿ ‘ಬಾ’, ‘ತಾ’ ಎರಡನ್ನೂ ಇಟ್ಟುಕೊಂಡರೆ ಮರಿ ಗೊಂದಲಕ್ಕೆ ಬೀಳುತ್ತದೆ. ಕರೆಯಲು ಸೀಟಿ, ತರಲು ಮಾತು.

ಎಂಟು ವಾರದ ಮರಿಗೆ ಮೊದಲ ಪಾಠಶಾಲೆ ಮನೆಯ ಪಡಸಾಲೆ, ಇಲ್ಲವೇ ಎರಡು ಕೋಣೆಗಳ ನಡುವಿನ ಉದ್ದನೆ ದಾರಿ. ಅಕ್ಕಪಕ್ಕದ ಬಾಗಿಲು ಮುಚ್ಚಿ, ಕಾಲುಚೀಲವನ್ನು ನೆಲದ ಮೇಲೆ ಉರುಳಿಸಿ ಬಿಡುವುದು. ಎತ್ತಿಕೊಂಡ ಮರಿಗೆ ಹೋಗಲು ಬೇರೆ ದಾರಿಯೇ ಇಲ್ಲ, ನಮ್ಮ ಕಡೆಗೇ ಬರಬೇಕು. ನಾನು ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತಿರುತ್ತೇನೆ. ಎದುರಿಗೆ ನಿಂತು ಬಗ್ಗಿದರೆ ಮರಿ ಹೆದರಿ ಅರ್ಧದಲ್ಲೇ ನಿಲ್ಲುತ್ತದೆ. ಬಂದ ಕೂಡಲೇ ಕಸಿದುಕೊಳ್ಳಬಾರದು. ಮೊದಲು ಎದೆ ಸವರಬೇಕು, ಬೆನ್ನು ಸವರಬೇಕು, ಬಾಯಲ್ಲಿರುವುದು ಬಾಯಲ್ಲೇ ಇರಲಿ. ತಲೆ ಮುಟ್ಟಿದರೆ ಮರಿ ತಲೆ ತಗ್ಗಿಸುತ್ತದೆ, ತಗ್ಗಿಸಿದರೆ ಡಮ್ಮಿ ನೆಲಕ್ಕೆ ಬೀಳುತ್ತದೆ, ಮುಂದೆ ಕಾಲಬುಡದಲ್ಲಿ ಉಗುಳುವುದೇ ರೂಢಿಯಾಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಒಂದು ಅಂಗೈಯನ್ನು ಗದ್ದದ ಕೆಳಗೆ ಕೊಟ್ಟು, ಇನ್ನೊಂದು ಕೈಯಿಂದ ಡಮ್ಮಿಯನ್ನು ಎಳೆಯದೆ ಒಳಕ್ಕೇ ತುಸು ಒತ್ತಿ ‘ಬಿಡು’ ಅನ್ನಬೇಕು. ಒತ್ತಿದಾಗ ದವಡೆ ತಾನಾಗಿ ಸಡಿಲುತ್ತದೆ, ಎಳೆದರೆ ಬಿಗಿಯುತ್ತದೆ. ಮನೆಯ ಮಕ್ಕಳು ಬಟ್ಟೆ ಹಿಡಿದು ಮರಿಯ ಜೊತೆ ಎಳೆದಾಡುವ ಆಟ ಈ ಮನೆಯಲ್ಲಿ ಬಂದ್. ಹಕ್ಕಿಯನ್ನು ಜಜ್ಜುವ ಗಡಸು ಬಾಯಿ ಹುಟ್ಟುವುದು ಬಹಳ ಸಲ ಅಲ್ಲಿಂದಲೇ. ತಂದುಕೊಟ್ಟಾಗ ಮೊಟ್ಟೆ ಚೂರು, ಬಿಸ್ಕತ್ತು ಕೊಡುವುದನ್ನೂ ನಾನು ಒಪ್ಪುವುದಿಲ್ಲ. ಕೈಯಲ್ಲಿ ತಿಂಡಿ ಕಂಡ ನಾಯಿ ಎರಡು ಮಾರು ದೂರದಲ್ಲೇ ಡಮ್ಮಿ ಎಸೆದು ಓಡಿಬರುತ್ತದೆ. ತಿಂಡಿ ಕೂಡುವುದಕ್ಕೆ, ಕರೆದಾಗ ಬರುವುದಕ್ಕೆ, ಬಿದ್ದದ್ದಕ್ಕೆ ಬಾಯಿ ಹಾಕದೆ ಇರುವುದಕ್ಕೆ ಮಾತ್ರ.

ಒಮ್ಮೆಗೆ ಎರಡು ಎಸೆತ, ಹೆಚ್ಚೆಂದರೆ ಮೂರು. ಇನ್ನೂ ಬೇಕು ಅಂತ ಮರಿ ಕುಣಿಯುತ್ತಿರುವಾಗಲೇ ಎತ್ತಿಡಬೇಕು.

‘ತಡಿ’ಯನ್ನು ಅನ್ನದ ತಟ್ಟೆಯಿಂದ ಶುರು ಮಾಡಿದೆ. ಮರಿ ಕೂತ ಮೇಲೆ ತಟ್ಟೆ ಇಳಿಸುವುದು, ಎದ್ದರೆ ತಟ್ಟೆಯೂ ಮೇಲೆ. ಒಂದು ಎಣಿಸುವಷ್ಟು ಹೊತ್ತಿನಿಂದ ಇಪ್ಪತ್ತು ಎಣಿಸುವಷ್ಟಕ್ಕೆ ನಿಧಾನಕ್ಕೆ ಬೆಳೆಸಿದರೆ ಹೊಲದಲ್ಲಿ ಅರ್ಧ ಕೆಲಸ ಮುಗಿದಂತೆ. ನಂತರ ಅದೇ ಡಮ್ಮಿಗೆ: ಕೂಡಿಸಿ, ಎಸೆದು, ನಾನೇ ನಡೆದುಹೋಗಿ ಎತ್ತಿಕೊಂಡು ಬರುವುದು. ಮೂರು ಎಸೆತದಲ್ಲಿ ಎರಡನ್ನು ನಾವು ತರಬೇಕು, ಒಂದನ್ನು ನಾಯಿ. ಎಸೆದದ್ದೆಲ್ಲ ತನ್ನದೇ ಎಂದು ಕಲಿತ ನಾಯಿ ಹೇಳುವ ಮೊದಲೇ ಹಾರುತ್ತದೆ, ಕೂತಲ್ಲೇ ಕುಂಯ್‌ಗುಡುತ್ತದೆ. ಆ ಕುಂಯ್‌ಗುಡುವಿಕೆ ಒಮ್ಮೆ ಹತ್ತಿತೆಂದರೆ ಬಿಡಿಸುವುದು ಬಲು ಕಷ್ಟ. ಹಾರುವ ನಾಯಿಗೆ ಹಗ್ಗ ಕಟ್ಟಿ ಜಗ್ಗಿ ಬೀಳಿಸುವವರಿದ್ದಾರೆ. ಕುತ್ತಿಗೆ ಉಳುಕುತ್ತದೆ, ಜೊತೆಗೆ ಡಮ್ಮಿಯ ಮೇಲೇ ಹೆದರಿಕೆ ಕೂರುತ್ತದೆ. ಹಗ್ಗವನ್ನು ತುಳಿದು ನಿಂತರೆ ಸಾಕು.

ನಾಲ್ಕರಿಂದ ಆರು ತಿಂಗಳು ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಕಾಲ. ಆಗ ಡಮ್ಮಿ ಪೂರ್ತಿ ನಿಲ್ಲಿಸುತ್ತೇನೆ. ನೋಯುವ ಒಸಡಿನಿಂದ ಹಿಡಿದ ಮರಿ ಒಂದೋ ಅಗಿಯಲು ಕಲಿಯುತ್ತದೆ, ಇಲ್ಲವೇ ಉಗುಳಲು. ಈ ಎರಡು ತಿಂಗಳು ಸೀಟಿಯ ಪಾಠ, ಪಕ್ಕದಲ್ಲಿ ನಡೆಯುವ ಪಾಠ. ಜೊತೆಗೆ ಇನ್ನೊಂದಿದೆ: ದಾರಿಯಲ್ಲಿ ರೊಟ್ಟಿ ತುಂಡು, ಮೂಳೆ ಮೊದಲೇ ಇಟ್ಟು ಅದರ ಪಕ್ಕದಲ್ಲೇ ಹಗ್ಗ ಹಿಡಿದು ನಡೆಸುವುದು. ಬಾಯಿ ಹಾಕದೆ ಮುಖ ಎತ್ತಿ ನೋಡಿದ ಕ್ಷಣಕ್ಕೆ ನಮ್ಮ ಕೈಯಿಂದ ಮೊಟ್ಟೆ ಚೂರು. ಗದ್ದೆ ಬದುವಿಗೆ ಹಗ್ಗವಿಲ್ಲದೆ ಬಿಡುವ ಮುನ್ನ ಇದು ಹತ್ತಕ್ಕೆ ಹತ್ತು ಸರಿಯಾಗಿರಬೇಕು.

ಹೊಲದ ಪಾಠಕ್ಕೆ ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರವರಿ. ಕಪ್ಪು ಮಣ್ಣಿನ ಎರೆ ಹೊಲಕ್ಕಿಂತ ಕೆಂಪು ಮಣ್ಣಿನ ಮಸಾರಿ ಹೊಲ ವಾಸಿ. ಮಳೆಯಲ್ಲಿ ಎರೆ ಮಣ್ಣು ಬೆರಳ ಸಂದಿಯಲ್ಲಿ ಮೆತ್ತಿ ಕಲ್ಲಾಗುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಓಡುವ ನಾಯಿಯ ಮುಂಗಾಲು ಬಿರುಕಿನೊಳಗೆ ಹೋದರೆ ಮುರಿದೇಬಿಡುತ್ತದೆ. ಜೋಳ ಕೊಯ್ದ ಹೊಲವೂ ಬೇಡ, ಓರೆಯಾಗಿ ಕತ್ತರಿಸಿದ ಕೂಳೆ ನೇರ ನಾಯಿಯ ಕಣ್ಣಿನ ಮಟ್ಟಕ್ಕಿರುತ್ತದೆ. ಔಷಧಿ ಹೊಡೆದ ಹತ್ತಿ ಹೊಲದ ಹತ್ತಿರವೂ ಸುಳಿಯಬಾರದು. ಬಳ್ಳಾರಿ ಜಾಲಿ ಬೆಳೆದ ಪಾಳು ಭೂಮಿಯಲ್ಲಿ ಮುಳ್ಳು ಪಾದದೊಳಗೆ ಮುರಿದು ಕೂತು ಕೀವಾಗುತ್ತದೆ. ಉಳಿಯುವುದು ಶೇಂಗಾ ಕಿತ್ತ ಹೊಲ, ಊರ ಗಾಯರಾಣ (ಗೋಮಾಳ), ಶಾಲೆಯ ಮೈದಾನ.

ಜೊತೆಗೊಬ್ಬ ಎಸೆಯುವವನು ಬೇಕು. ಮೊದಲು 30 ಮೀಟರ್ ದೂರದಲ್ಲಿ ನಿಂತು, ಒಮ್ಮೆ ಕೂಗಿ, ಆಕಾಶಕ್ಕೆ ಎತ್ತಿ ಎಸೆಯಲಿ. ಹಿಂದೆ ಗಿಡಗಂಟಿ ಇದ್ದರೆ ನಾಯಿಗೆ ಬೀಳುವ ಜಾಗ ಸಿಗುವುದಿಲ್ಲ. ಗಾಳಿ ಡಮ್ಮಿಯ ಕಡೆಯಿಂದ ನಾಯಿಯ ಕಡೆಗೆ ಬೀಸುತ್ತಿರಬೇಕು. ನಮ್ಮಲ್ಲಿ ಜೂನ್, ಜುಲೈನಲ್ಲಿ ಪಡುವಣ ಗಾಳಿ ಜೋರು, ಆಗ ಪಶ್ಚಿಮಕ್ಕೆ ಮುಖ ಮಾಡಿ ನಿಂತರೆ ಲೆಕ್ಕ ಸುಲಭ. ನಾಯಿ ಹುಡುಕುತ್ತಿರುವಾಗ ಬಾಯಿ ಮುಚ್ಚಿಕೊಂಡಿರುವುದು ಬಹಳ ಜನಕ್ಕೆ ಆಗುವುದಿಲ್ಲ. ಪದೇ ಪದೇ ಕೂಗಿದರೆ ಅದು ಮೂಗು ಎತ್ತಿ ನಮ್ಮ ಮುಖ ನೋಡುತ್ತದೆ, ಹುಡುಕುವುದು ಅಲ್ಲಿಗೆ ನಿಂತಿತು. ನೇರ ಸಾಲಿನಲ್ಲಿ ಹೋಗುವುದನ್ನು ಕಲಿಸಲು ಬದುವಿನಂಥ ಜಾಗ ಬೇರೆ ಇಲ್ಲ: ನಾಯಿ ನೋಡುತ್ತಿರುವಾಗಲೇ ಡಮ್ಮಿ ಇಟ್ಟು, ಅದನ್ನು ಕರೆದುಕೊಂಡು ಬದುಗುಂಟ 20 ಮೀಟರ್ ಹಿಂದಕ್ಕೆ ಬಂದು, ತಿರುಗಿಸಿ ಕಳಿಸುವುದು. ಆ ದೂರ ನೂರು ಮೀಟರಿಗೆ ಹೋದ ಮೇಲೆ ಎಡ, ಬಲದ ಕೈಸನ್ನೆ.

ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಮುಗಿಯಬೇಕು. ಸಂಜೆ ಬಿಸಿಲು ಇಳಿದರೂ ನೆಲದ ಕಾವು ಇಳಿದಿರುವುದಿಲ್ಲ, ಹಿಂಗೈಯನ್ನು ಐದು ಎಣಿಸುವಷ್ಟು ಹೊತ್ತು ನೆಲಕ್ಕೆ ಊರಲು ಆಗದಿದ್ದರೆ ಆ ಸಂಜೆ ಪಾಠ ಇಲ್ಲ. ನಾಯಿಯ ಮೈ ಬಿಸಿ ಸಹಜವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 104 ದಾಟಿತೆಂದರೆ ಕೆಲಸ ನಿಲ್ಲಿಸಿ ನೆರಳಿಗೆ ಒಯ್ದು ಹೊಟ್ಟೆ, ತೊಡೆಸಂದಿಗೆ ನೀರು ಹಾಕಿ ಗಾಳಿ ಬೀಸಬೇಕು. ನಾಲಿಗೆ ಅಗಲವಾಗಿ ಜೋತು, ಒಸಡು ಕಡುಗೆಂಪಾಗಿ, ನಡಿಗೆ ಓಲಾಡಿದರೆ ನೀರು ಹಾಕುತ್ತಲೇ ಡಾಕ್ಟರ ಹತ್ತಿರ ಒಯ್ಯಬೇಕು. ಲ್ಯಾಬ್ರಡಾರ್ ತಾನಾಗಿ ಸಾಕು ಅನ್ನುವುದಿಲ್ಲ, ಬೀಳುವ ತನಕ ಓಡುತ್ತದೆ.

ಇನ್ನು ಕುರಿ ಹಿಂಡು. ಹೊಲಗಳಲ್ಲಿ ಯಾವ ಹೊತ್ತಿಗೆ ಎಲ್ಲಿಂದ ಹಿಂಡು ಬರುತ್ತದೆ ಹೇಳಲಾಗದು. ಕುರಿ ಅಟ್ಟಿದ ನಾಯಿಯಿಂದ ಜಗಳ ಒಂದು ಕಡೆ, ಕಾವಲು ನಾಯಿಗಳು ಸೀಳಿಹಾಕುವ ಭಯ ಇನ್ನೊಂದು ಕಡೆ. ಕುರಿಗಾರರನ್ನು ಕೇಳಿ, ಹಿಂಡಿನಿಂದ 50 ಮೀಟರ್ ದೂರದಲ್ಲಿ ಹಗ್ಗದಲ್ಲಿ ಕೂಡಿಸಿ ಸುಮ್ಮನೆ ನೋಡಿಸಬೇಕು, ನಾಲ್ಕಾರು ವಾರದಲ್ಲಿ ದೂರ ಕಡಿಮೆಯಾಗುತ್ತದೆ. ಹಿತ್ತಲ ಕೋಳಿಗಳ ನಡುವೆಯೂ ಹೀಗೆಯೇ. ಗಂಗಾವತಿ ತಾಲ್ಲೂಕಿನ ಬಂಕಾಪುರ ತೋಳಧಾಮದ ಸುತ್ತಮುತ್ತ ಮಾತ್ರ ನಾಯಿ ಬಿಡಬೇಡಿ. ಡಿಸ್ಟೆಂಪರ್, ರೇಬಿಸ್ ನಾಯಿಯಿಂದ ತೋಳಕ್ಕೆ ದಾಟುವ ರೋಗಗಳು.

ನೀರಿನ ಪಾಠ ಕೊನೆಗೆ, ಜಾಗ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಸೆಳೆತ ಹೆಚ್ಚು, ಸಿಮೆಂಟಿನ ಇಳಿಜಾರಿನಲ್ಲಿ ಉಗುರು ನಿಲ್ಲುವುದಿಲ್ಲ. ತಾಡಪತ್ರಿ ಹಾಸಿದ ಕೃಷಿ ಹೊಂಡ ಅದಕ್ಕಿಂತ ಮೋಸ. ನೀರು ನಿಂತಿದೆ ಅಂತ ಇಳಿಸಿದರೆ ಅಂಚು ಜಾರಿ ನಾಯಿ ಸುತ್ತು ಹೊಡೆದೇ ದಣಿದು ಮುಳುಗುತ್ತದೆ. ಕೃಷ್ಣಾ, ತುಂಗಭದ್ರಾ ನದಿಗಳಲ್ಲಿ ಮೊಸಳೆ ಇವೆ. ಉಳಿದದ್ದು ಇಳಿಜಾರು ದಡದ ಊರ ಕೆರೆ. ಮೊದಲು ನಾವೇ ಮೊಣಕಾಲು ಮಟ್ಟಕ್ಕೆ ಇಳಿದು ಮರಿಯನ್ನು ಹಿಂದೆ ಬರಲು ಬಿಡಬೇಕು, ಎತ್ತಿ ಎಸೆಯಬಾರದು. ಡಮ್ಮಿ ಮೊದಲಿಗೆ ಕಾಲೂರಿ ನಡೆಯುವ ಆಳಕ್ಕೆ, ಆಮೇಲೆ ನಾಲ್ಕು ಹೆಜ್ಜೆ ಈಜುವ ಆಳಕ್ಕೆ. ದಡಕ್ಕೆ ಬಂದ ನಾಯಿ ಡಮ್ಮಿ ಬಿಟ್ಟು ಮೈ ಕೊಡವುತ್ತದೆ. ಅದಕ್ಕೆ ನೀರಿನಂಚಿನಲ್ಲೇ ನಿಂತು, ಕೊಡವುವ ಮೊದಲೇ ಕೈಗೆ ತೆಗೆದುಕೊಳ್ಳುವುದು. ಕೆರೆ, ಗದ್ದೆ ನೀರಿಗೆ ಇಲಿಯ ಉಚ್ಚೆ ಸೇರಿರುತ್ತದೆ, ಆದ್ದರಿಂದ ಅದರಲ್ಲಿರುವ ಲೆಪ್ಟೊಸ್ಪೈರಾ ರೋಗಾಣುವಿಗೂ ತಡೆ ಕೊಡುವ ಲಸಿಕೆ ವರ್ಷಕ್ಕೊಮ್ಮೆ ತಪ್ಪದೆ ಆಗಿರಬೇಕು. ಮನೆಗೆ ಬಂದ ಮೇಲೆ ಕಿವಿಯೊಳಗಿನ ತೇವ ಹತ್ತಿಯಿಂದ ಒರೆಸಿ, ಬೆರಳ ಸಂದಿ, ಕಿವಿ ಹಿಂದೆ, ಬಾಲದ ಬುಡ ತಡಕಿ ಉಣ್ಣೆ ಹುಳ ಕೀಳುತ್ತೇನೆ. ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರಕ್ಕೆ ಎಳೆದರೆ ತಲೆ ಒಳಗೆ ಉಳಿಯುವುದಿಲ್ಲ.