ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ: ಇಲ್ಲಿನ ಚರ್ಚಿನಲ್ಲಿ ನೆಲೆಯೂರುವುದು ಹೇಗೆ

ಭಾನುವಾರ ಆರಾಧನೆಗೆ ಬಂದು, ಕೊನೆಯ ಬೆಂಚಿನಲ್ಲಿ ಕೂತು, ಆಶೀರ್ವಾದ ಮುಗಿಯುವ ಮೊದಲೇ ಹೊರಟುಬಿಡುವವರನ್ನು ಯಾವ ಚರ್ಚಿನವರೂ ಗುರುತು ಹಿಡಿಯಲಾರರು. ಆಮೇಲೆ ನಮ್ಮ ಕನ್ನಡ ಸಂಘದ ಕೂಟದಲ್ಲಿ ‘ಇಲ್ಲಿನವರು ಮಾತೇ ಆಡಿಸುವುದಿಲ್ಲ’ ಎಂದು ದೂರುವವರೂ ಅವರೇ! ನಮ್ಮ ಹಳೆಯ ಸಭೆಗಳಲ್ಲಿ ಮನೆಮಂದಿಯ ಗುರುತು ಎಲ್ಲರಿಗೂ ಇರುತ್ತದೆ, ಪಾಸ್ಟರು ಕರೆಯದೆಯೇ ಬರುತ್ತಾರೆ. ಹೊಸ ಜಾಗದಲ್ಲಿ ಹಾಗಲ್ಲ. ಹೆಸರು ರಿಜಿಸ್ಟರಿನಲ್ಲಿ ಇರಬೇಕು, ಕಷ್ಟ ನಿಮ್ಮ ಬಾಯಿಂದಲೇ ಬರಬೇಕು. ಇವೆರಡೂ ಆಗದೆ ಯಾರೂ ನಿಮ್ಮ ಬಾಗಿಲು ತಟ್ಟುವುದಿಲ್ಲ.

ಕಾಗದಪತ್ರ

ಇದನ್ನು ಹಗುರವಾಗಿ ತೆಗೆದುಕೊಂಡು ಮದುವೆಯ ಹೊತ್ತಿಗೆ ಪರದಾಡಿದ ಮನೆಗಳು ಬಹಳ. ಹಳೆಯ ಚರ್ಚಿನಿಂದ ಇಷ್ಟನ್ನು ತರಿಸಿಕೊಳ್ಳಿ:

- ಮನೆಯ ಪ್ರತಿಯೊಬ್ಬರ ದೀಕ್ಷಾಸ್ನಾನ ಅಥವಾ ಜ್ಞಾನಸ್ನಾನದ ಪತ್ರ (ಬ್ಯಾಪ್ಟಿಸಮ್ಮಿಗೆ ಪ್ರೊಟೆಸ್ಟೆಂಟರು ಹೇಳುವುದು ಮೊದಲನೆಯದು, ಕಥೋಲಿಕರು ಎರಡನೆಯದು)
- ದೃಢೀಕರಣ (ಸ್ನಾನದ ನಂತರ ನಂಬಿಕೆಯನ್ನು ಸ್ಥಿರಪಡಿಸುವ ವಿಧಿ, ಕನ್ಫರ್ಮೇಷನ್) ಆಗಿದ್ದರೆ ಅದರ ಪತ್ರ
- ಚರ್ಚಿನಲ್ಲಿ ಆದ ಮದುವೆಯ ಪತ್ರ
- ಸದಸ್ಯತ್ವ ವರ್ಗಾವಣೆ ಪತ್ರ (ಪ್ರೊಟೆಸ್ಟೆಂಟ್ ಸಭೆಯವರಿಗೆ ಇದೇ ಮುಖ್ಯ)

ಪತ್ರ ಕೈಗೆ ಬಂದ ಕೂಡಲೇ ಹೆಸರಿನ ಕಾಗುಣಿತ ನೋಡಿ. ಚರ್ಚಿನ ದಾಖಲೆಯಲ್ಲಿ ಇನಿಷಿಯಲ್ ಮಾತ್ರ, ಗುರುತಿನ ಚೀಟಿಯಲ್ಲಿ ತಂದೆಯ ಪೂರ್ತಿ ಹೆಸರು, ಹೆಂಡತಿಯ ಮದುವೆ ಪತ್ರದಲ್ಲಿ ಒಂದು ಹೆಸರು, ಮಗುವಿನ ಪತ್ರದಲ್ಲಿ ಇನ್ನೊಂದು: ನಮ್ಮವರಲ್ಲಿ ಇದು ಮಾಮೂಲು. ಮೂಲ ರಿಜಿಸ್ಟರಿನಲ್ಲೇ ತಿದ್ದಿಸಬೇಕು. ಪತ್ರದ ಮೇಲೆ ನೀವೇ ಪೆನ್ನಿನಿಂದ ತಿದ್ದಿದರೆ ಅದು ಕಸದ ಬುಟ್ಟಿಗೆ.

ಕಥೋಲಿಕರಿಗೆ ಇನ್ನೊಂದು ಮಾತು. ಮದುವೆಗೆ ಕೇಳುವುದು ಹೊಸದಾಗಿ ಬರೆಸಿದ ಜ್ಞಾನಸ್ನಾನ ಪತ್ರ, ಸಾಮಾನ್ಯವಾಗಿ ಆರು ತಿಂಗಳ ಒಳಗಿನದು. ಚಿಕ್ಕಂದಿನಲ್ಲಿ ಕೊಟ್ಟದ್ದು ಆಲ್ಬಮ್ಮಿನಲ್ಲಿ ಎಷ್ಟೇ ಚೆನ್ನಾಗಿದ್ದರೂ ನಡೆಯದು. ಕಾರಣ ಇದೆ: ದೃಢೀಕರಣ, ಮದುವೆ ಎಲ್ಲವನ್ನೂ ಜ್ಞಾನಸ್ನಾನವಾದ ಧರ್ಮಕೇಂದ್ರದ (ಪ್ಯಾರಿಷ್) ರಿಜಿಸ್ಟರಿನಲ್ಲೇ ನಮೂದಿಸುತ್ತಾರೆ. ಈಗಾಗಲೇ ಮದುವೆಯಾಗಿದೆಯೋ ಇಲ್ಲವೋ ಎಂಬುದು ಹೊಸ ಪ್ರತಿಯಿಂದಲೇ ತಿಳಿಯುವುದು. ಮದುವೆಯ ದಿನ ಗೊತ್ತುಮಾಡಿ, ಹಾಲ್ ಬುಕ್ ಮಾಡಿ, ಆಮೇಲೆ ಫಾದರ ಹತ್ತಿರ ಹೋಗಬೇಡಿ. ಮೊದಲು ಫಾದರ್, ಆಮೇಲೆ ಹಾಲ್. ಮದುವೆ ಸಿದ್ಧತೆಯ ತರಗತಿಯೂ ಮಾಡಬೇಕು, ಕಾಗದವೂ ಬರಬೇಕು.

ಮಗುವಿನ ಜ್ಞಾನಸ್ನಾನಕ್ಕೆ ಜ್ಞಾನತಂದೆ ಅಥವಾ ಜ್ಞಾನತಾಯಿ (ಗಾಡ್‌ಫಾದರ್, ಗಾಡ್‌ಮದರ್) ಒಬ್ಬರಿದ್ದರೂ ಸಾಕು. ಅವರಿಗೆ ಸಾಮಾನ್ಯವಾಗಿ 16 ವರ್ಷ ತುಂಬಿರಬೇಕು, ದೃಢೀಕರಣವಾಗಿರಬೇಕು, ಅವರು ಮಗುವಿನ ಹೆತ್ತವರಾಗಿರಬಾರದು. ಪ್ರೊಟೆಸ್ಟೆಂಟ್ ಸ್ನೇಹಿತರು ಕಥೋಲಿಕ ಜ್ಞಾನಪೋಷಕರ ಜೊತೆಗೆ ಸಾಕ್ಷಿಯಾಗಿ ನಿಲ್ಲಬಹುದು, ಒಬ್ಬರೇ ನಿಲ್ಲುವಂತಿಲ್ಲ. ಮಾವನ ಮನಸ್ಸು ನೋಯುತ್ತದೆ ಎಂದು ಫಾದರ ಜೊತೆ ವಾದಕ್ಕೆ ಇಳಿಯಬೇಡಿ, ನಿಯಮ ಅವರು ಮಾಡಿದ್ದಲ್ಲ.

ಮೊದಲ ಭಾನುವಾರ

ಹದಿನೈದು ನಿಮಿಷ ಮೊದಲೇ ಬನ್ನಿ. ಬಾಗಿಲಲ್ಲಿ ನಿಂತವರಿಗೆ ಹೊಸಬರು ಎಂದು ಹೇಳಿ, ಅವರು ಕೊಡುವ ಚೀಟಿಯಲ್ಲಿ ಹೆಸರು, ಫೋನ್ ಬರೆದುಕೊಡಿ. ಆರಾಧನೆ ಮುಗಿದ ಮೇಲೆ ಇಪ್ಪತ್ತು ನಿಮಿಷ ನಿಲ್ಲಿ. ಪರಿಚಯವೆಲ್ಲ ಆಗುವುದು ಆಗಲೇ.

ಪ್ರಭುಭೋಜನದ (ರೊಟ್ಟಿ, ದ್ರಾಕ್ಷಾರಸ ಕೊಡುವ ವಿಧಿ) ವಿಷಯ ಪಕ್ಕದವರನ್ನು ನೋಡಿ ಎದ್ದು ಹೋಗುವಂಥದ್ದಲ್ಲ. ಕಥೋಲಿಕ ಬಲಿಪೂಜೆಯಲ್ಲಿ (ಮಾಸ್) ಇದನ್ನು ಪರಮಪ್ರಸಾದ ಎನ್ನುತ್ತಾರೆ, ಅದು ಕಥೋಲಿಕರಿಗೆ. ಬೇರೆಯವರು ಎದೆಯ ಮೇಲೆ ಕೈ ಅಡ್ಡ ಇಟ್ಟು ಆಶೀರ್ವಾದ ಪಡೆಯುವ ರೂಢಿ ಅನೇಕ ಕಡೆ ಇದೆ. ಕೆಲವು ಪ್ರೊಟೆಸ್ಟೆಂಟ್ ಸಭೆಗಳಲ್ಲಿ ದೀಕ್ಷಾಸ್ನಾನವಾದವರೆಲ್ಲ ತೆಗೆದುಕೊಳ್ಳಬಹುದು, ಕೆಲವಲ್ಲಿ ದೃಢೀಕರಣ ಆಗಿದ್ದರೆ ಮಾತ್ರ. ಮೊದಲೇ ಕೇಳಿಕೊಳ್ಳಿ. ಗೋಧಿ ಆಗದವರು, ದ್ರಾಕ್ಷಾರಸ ಮುಟ್ಟದವರು ಆರಾಧನೆ ಶುರುವಾಗುವ ಮುನ್ನ ತಿಳಿಸಿದರೆ ಏರ್ಪಾಡು ಮಾಡುತ್ತಾರೆ. ಸಾಲಿನಲ್ಲಿ ನಿಂತು ಹೇಳಿದರೆ ಆಗದು.

ಕಾಣಿಕೆ ತಟ್ಟೆಯಿಂದ ಚಿಲ್ಲರೆ ತೆಗೆಯಬೇಡಿ. ಇದನ್ನೂ ಬರೆಯಬೇಕಾಯಿತಲ್ಲ! ನಂಬರ್ ಹಾಕಿದ ಲಕೋಟೆ ಕೊಟ್ಟರೆ ಅದು ಲೆಕ್ಕಕ್ಕೆ, ರಸೀದಿಗೆ. ನಿಮ್ಮನ್ನು ಅಳೆಯುವುದಕ್ಕಲ್ಲ.

ಪ್ರಾರ್ಥನಾ ಕೂಟ

ಮನೆ ಪ್ರಾರ್ಥನೆಗೆ ಎಂಟರಿಂದ ಹನ್ನೆರಡು ಜನ ಹದವಾದ ಸಂಖ್ಯೆ. ಹದಿನೈದು ದಾಟಿದರೆ ಮೂರ್ನಾಲ್ಕು ಜನರೇ ಮಾತಾಡುತ್ತಾರೆ, ಉಳಿದವರು ಗಡಿಯಾರ ನೋಡುತ್ತಾರೆ. ಒಂದೂವರೆ ಗಂಟೆ ಮೀರಬಾರದು: ಹಾಡು ಹದಿನೈದು ನಿಮಿಷ, ವಾಕ್ಯ ಓದಿ ಮಾತುಕತೆ ನಲವತ್ತು, ಬೇಡಿಕೆ ಮತ್ತು ಪ್ರಾರ್ಥನೆ ಮೂವತ್ತೈದು. ಕೂಟಗಳು ಮುರಿಯುವುದು ಭಕ್ತಿ ಕಡಿಮೆಯಾಗಿ ಅಲ್ಲ, ಉಪಚಾರ ಹೆಚ್ಚಾಗಿ. ಒಂದು ಮನೆಯಲ್ಲಿ ಚಹಾ, ಮುಂದಿನ ಮನೆಯಲ್ಲಿ ತಿಂಡಿ, ಅದರ ಮುಂದಿನ ಮನೆಯಲ್ಲಿ ಮದುವೆ ಊಟ! ಆರು ತಿಂಗಳಿಗೆ ಯಾರೂ ‘ನಮ್ಮ ಮನೆಗೆ ಬನ್ನಿ’ ಎನ್ನುವುದಿಲ್ಲ. ಚಹಾ ಮಾತ್ರ ಎಂದು ಮೊದಲ ದಿನವೇ ಗೊತ್ತುಮಾಡಿ.

ಪ್ರಾರ್ಥನೆಯ ಬೇಡಿಕೆ ಕೊಡುವಾಗ ಮೂರು ವಿಷಯ ಸ್ಪಷ್ಟವಿರಲಿ: ಯಾರಿಗಾಗಿ, ಸಭೆಯಲ್ಲಿ ಹೆಸರು ಹೇಳಬಹುದೇ, ಎಲ್ಲಿಯ ತನಕ. ಬೇರೆಯವರ ಕಾಯಿಲೆಯನ್ನು ಅವರನ್ನು ಕೇಳದೆ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಗರ್ಭಪಾತ, ಕೆಲಸ ಹೋದದ್ದು, ಗಂಡ ಹೆಂಡಿರ ಜಗಳ ಇವೆಲ್ಲ ‘ಪ್ರಾರ್ಥಿಸಿರಿ’ ಎಂಬ ಹೆಸರಿನಲ್ಲಿ ಊರೆಲ್ಲ ಸುತ್ತುತ್ತವೆ. ಅದು ಪ್ರಾರ್ಥನೆಯಲ್ಲ, ಹರಟೆ.

ಕಷ್ಟಕ್ಕೆ ಆಗುವುದು

ಬಾಣಂತನ, ಆಪರೇಷನ್, ಸಾವು. ಈ ಮೂರಕ್ಕೂ ಮೊದಲ ಫೋನ್ ಚರ್ಚಿನ ಕಚೇರಿಗೆ ಅಥವಾ ನಿಮ್ಮ ಕೂಟದ ಮುಖಂಡರಿಗೆ. ಆಸ್ಪತ್ರೆ ಸೇರಿದವರ ಹೆಸರನ್ನು ಆಸ್ಪತ್ರೆಯವರು ಚರ್ಚಿಗೆ ಹೇಳುತ್ತಾರೆ ಎಂದು ಕಾಯಬೇಡಿ.

ಊಟದ ಸರದಿಯನ್ನು ಒಬ್ಬರೇ ನೋಡಿಕೊಳ್ಳಬೇಕು. ಎಲ್ಲರೂ ಸೇರಿ ನೋಡಿಕೊಂಡರೆ ಮೊದಲ ವಾರ ಫ್ರಿಜ್ ತುಂಬಿ ಚೆಲ್ಲುತ್ತದೆ, ಮೂರನೆಯ ವಾರ ಯಾರೂ ಇಲ್ಲ. ದಿನ ಬಿಟ್ಟು ದಿನ ಕೊಟ್ಟರೆ ಹನ್ನೆರಡು ಮನೆಗಳಿಂದ 24 ದಿನ ಸಾಗುತ್ತದೆ. ವಾಪಸ್ ಕೊಡಬೇಕಿಲ್ಲದ ಡಬ್ಬಿಯಲ್ಲಿ ಹಾಕಿ, ಏನಿದೆ, ಕಡಲೆಕಾಯಿ ಗೋಡಂಬಿ ಬಿದ್ದಿದೆಯೇ ಎಂದು ಮೇಲೆ ಬರೆಯಿರಿ. ಬಾಗಿಲಲ್ಲಿ ಕೊಟ್ಟು ಹೊರಡಿ. ಒಳಗೆ ಕೂತು ಬಾಣಂತಿಗೆ ಬುದ್ಧಿ ಹೇಳುವುದು ಸೇವೆಯ ಲೆಕ್ಕಕ್ಕೆ ಬರುವುದಿಲ್ಲ. ಆಸ್ಪತ್ರೆ ಭೇಟಿಯೂ ಹದಿನೈದೇ ನಿಮಿಷ.

ಹಣದ ಮಾತು, ದಯವಿಟ್ಟು ಎರಡು ಸಲ ಓದಿ. ಸಭೆಯ ಒಳಗೆ ಕೈಸಾಲ ಕೊಡಬೇಡಿ, ಕೇಳಬೇಡಿ. ಚೀಟಿ ನಡೆಸಬೇಡಿ. ‘ಬ್ರದರ್, ಒಂದು ಒಳ್ಳೆಯ ಸ್ಕೀಮ್ ಇದೆ’ ಎಂದು ಬಂದವರನ್ನು, ಅವರು ಎಷ್ಟೇ ಚೆನ್ನಾಗಿ ಪ್ರಾರ್ಥಿಸಲಿ, ಬಾಗಿಲಿನಿಂದಲೇ ಕಳಿಸಿ. ಸಾಲ ಕೊಟ್ಟವರೂ ಪಡೆದವರೂ ಒಂದೇ ಬೆಂಚಿನಲ್ಲಿ ಕೂರಲಾಗದೆ ಕೊನೆಗೆ ಇಬ್ಬರೂ ಚರ್ಚು ಬಿಡುತ್ತಾರೆ, ಮಕ್ಕಳ ಸಂಡೇ ಸ್ಕೂಲೂ ನಿಲ್ಲುತ್ತದೆ. ನಿಜವಾದ ಅಡಚಣೆ ಇದ್ದರೆ ಚರ್ಚಿನ ಸಹಾಯ ನಿಧಿಗೆ ಅರ್ಜಿ ಹಾಕಿ. ಚೆನ್ನಾಗಿ ನಡೆಯುವ ನಿಧಿಯಲ್ಲಿ ಮೂರು ಜನರ ಸಮಿತಿ, ಚೆಕ್ಕಿಗೆ ಎರಡು ಸಹಿ. ಹಣ ನೇರವಾಗಿ ಮನೆ ಮಾಲೀಕರಿಗೋ ಆಸ್ಪತ್ರೆಗೋ ಹೋಗುತ್ತದೆ. ವಾರ್ಷಿಕ ವರದಿಯಲ್ಲಿ ಮೊತ್ತ ಮಾತ್ರ, ಹೆಸರಿಲ್ಲ. ಕೇಳುವುದಕ್ಕೆ ನಾಚಿಕೆಪಟ್ಟು ಬಾಡಿಗೆ ಮೂರು ತಿಂಗಳು ಉಳಿಸಿಕೊಂಡ ಮೇಲೆ ಬಂದರೆ ನಿಧಿಯಲ್ಲೂ ಅಷ್ಟು ಇರುವುದಿಲ್ಲ.

ಕಾಣಿಕೆ ಎಣಿಸುವ ಕೆಲಸ ಬಂದರೆ ಇಬ್ಬರು ಕೂರಬೇಕು, ಆ ಇಬ್ಬರು ಸಂಬಂಧಿಕರಾಗಿರಬಾರದು. ಗಂಡ ಹೆಂಡತಿ ಸೇರಿ ಎಣಿಸಬಾರದು. ಎಣಿಕೆ ಹಾಳೆಗೆ ಇಬ್ಬರ ಸಹಿಯೂ ಬೇಕು. ಇದು ಅಪನಂಬಿಕೆಯಲ್ಲ: ಕಾಣಿಕೆ ಒಯ್ಯುವಾಗ ಯಾರೂ ತಪ್ಪು ಹೊರಿಸದಂತೆ ಅಪೊಸ್ತಲ ಪೌಲನೂ ಜೊತೆಗಾರರನ್ನು ಕಳಿಸಿದ್ದ (ಬೈಬಲಿನ 2 ಕೊರಿಂಥ 8).

ಜಗಳಕ್ಕೆ ಬೈಬಲಿನ ಮತ್ತಾಯ 18ರ ಕ್ರಮವೇ ಸಾಕು: ಮೊದಲು ಅವರೊಬ್ಬರ ಹತ್ತಿರ, ಆಮೇಲೆ ಒಬ್ಬಿಬ್ಬರನ್ನು ಕರೆದುಕೊಂಡು, ಕೊನೆಗೆ ಸಭೆಗೆ. ನಮ್ಮವರು ಇದನ್ನು ತಿರುಗುಮುರುಗು ಮಾಡುತ್ತಾರೆ.

ಸೇವೆ

ಮಕ್ಕಳ ಕೆಲಸಕ್ಕೆ ಸೇರುವವರ ಹಿನ್ನೆಲೆ ವಿಚಾರಿಸುತ್ತಾರೆ. ಬೇಸರ ಮಾಡಿಕೊಳ್ಳಬೇಡಿ, ಎಲ್ಲರಿಗೂ ಅದೇ. ಒಂದು ಕೋಣೆಯಲ್ಲಿ ಕನಿಷ್ಠ ಇಬ್ಬರು ದೊಡ್ಡವರು, ಬಾಗಿಲು ತೆರೆದಿರಬೇಕು. ಹೆತ್ತವರ ಒಪ್ಪಿಗೆಯಿಲ್ಲದೆ ಫೋಟೋ ಇಲ್ಲ.

ದವಸ ಹಂಚುವ ಕಡೆ:

- ದಿನಾಂಕ ಹತ್ತಿರವಿರುವ ಪೊಟ್ಟಣ ಮುಂದೆ, ಹೊಸದು ಹಿಂದೆ
- ಉಬ್ಬಿದ, ಸೋರುವ, ಅಂಚಿನ ಬೆಸುಗೆಯಲ್ಲಿ ನಗ್ಗಿದ ಡಬ್ಬಿ ಬಿಸಾಡಿ
- ಬಟ್ಟೆ ಒಗೆದು ಮಡಚಿ ತನ್ನಿ. ನೀವು ತೊಡಲಾಗದ್ದನ್ನು ತರಬೇಡಿ
- ಪಡೆಯಲು ಬಂದವರಿಗೆ ಪ್ರಸಂಗ ಇಲ್ಲ, ಫೋಟೋ ಇಲ್ಲ, ಜಾತಿ ಧರ್ಮ ಕೇಳುವುದಿಲ್ಲ

ಎಲ್ಲದಕ್ಕೂ ಕೈ ಎತ್ತಿ ಮೂರನೆಯ ತಿಂಗಳಿಗೆ ಮಾಯವಾಗುವವರಿಗಿಂತ ತಿಂಗಳಿಗೆ ಒಂದು ಶನಿವಾರ ತಪ್ಪದೆ ಬರುವವರು ಬೇಕು.

ಕನ್ನಡ ಆರಾಧನೆ

ಹತ್ತು ಕುಟುಂಬ ಸೇರಿದರೆ ತಿಂಗಳಿಗೊಮ್ಮೆ ಕನ್ನಡ ಆರಾಧನೆಗೆ ಜಾಗ ಕೇಳಬಹುದು. ಅರ್ಜಿ ಬರವಣಿಗೆಯಲ್ಲಿರಲಿ: ಯಾವ ವಾರ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನ ತನಕ, ಬೀಗದ ಕೈ ಯಾರ ಹತ್ತಿರ, ಮೈಕು ಬೇಕೇ. ಹಾಡಿನ ಸಾಹಿತ್ಯವನ್ನು ಕನ್ನಡ ಲಿಪಿಯಲ್ಲೂ, ಅದನ್ನು ಓದಲು ಬಾರದ ಮಕ್ಕಳಿಗಾಗಿ ಅವರು ಓದಬಲ್ಲ ಲಿಪಿಯಲ್ಲೂ ಅಚ್ಚು ಹಾಕಿಸಿ. ನಮ್ಮ ಮಕ್ಕಳು ಕೀರ್ತನೆಗಳನ್ನು ಬಾಯಿಪಾಠ ಹಾಡುವುದನ್ನು ಕೇಳಿ ಬೇರೆ ಭಾಷೆಯವರೂ ತಮ್ಮದನ್ನು ಶುರುಮಾಡಿದ್ದಾರೆ, ಅದು ಸಂಘಕ್ಕೆ ಹೆಮ್ಮೆಯೇ. ಆದರೆ ಭಾನುವಾರದ ಸಾಮಾನ್ಯ ಆರಾಧನೆ ಬಿಡಬೇಡಿ, ಅಲ್ಲಿಯೂ ಕನ್ನಡದವರೆಲ್ಲ ಒಂದೇ ಮೂಲೆಯಲ್ಲಿ ಗುಂಪು ಕೂರಬೇಡಿ. ಕುರ್ಚಿಗಳನ್ನು ಇದ್ದಲ್ಲಿಗೇ ಜೋಡಿಸಿ, ಒಂಬತ್ತಕ್ಕೆ ಎಂದು ಬರೆದುಕೊಟ್ಟಿದ್ದರೆ ಒಂಬತ್ತಕ್ಕೇ ಬೀಗ ಹಾಕಿ. ಒಂಬತ್ತೂವರೆಗೆ ಮೆಟ್ಟಿಲ ಮೇಲೆ ನಿಂತು ಮಾತು ಮುಂದುವರಿಸುವವರಿಂದಲೇ ಪಕ್ಕದ ಮನೆಯವರ ದೂರು ಬರುವುದು.