ಹಾಕಿ ಆಟಗಾರರಿಗೆ ದತ್ತಿನಿಧಿ ಇಟ್ಟ ಬಗೆ

ಕಾಲೇಜಿನ ಹಾಕಿ ಆಟಗಾರರ ವಿದ್ಯಾರ್ಥಿವೇತನಕ್ಕೆ ದತ್ತಿ ಇಡುವುದಾದರೆ, ವರ್ಷಕ್ಕೆ ಎಷ್ಟು ಕೊಡಬೇಕೆಂದಿದ್ದೀರೋ ಅದರ 25 ಪಟ್ಟು ಇಡುಗಂಟು ಬೇಕು. ನಾನು ಹಾಕಿಕೊಂಡ ಲೆಕ್ಕ ಇದೇ. ಇಡುಗಂಟಿನ ಶೇ. 4ರಷ್ಟು ಮಾತ್ರ ವಿದ್ಯಾರ್ಥಿಗೆ, ಉಳಿದ ಗಳಿಕೆ ಮತ್ತೆ ಗಂಟಿಗೇ. ಹಾಗೆ ಸೇರಿಸದಿದ್ದರೆ ಶುಲ್ಕ ಏರುತ್ತ ಹೋಗುತ್ತದೆ, ದತ್ತಿ ಹೆಸರಿಗಷ್ಟೇ ಉಳಿಯುತ್ತದೆ. ಆ ಶೇ. 4ನ್ನು ಹಿಂದಿನ ಮೂರು ವರ್ಷಗಳ ಸರಾಸರಿ ಮೌಲ್ಯದ ಮೇಲೆ ಲೆಕ್ಕ ಹಾಕಿಸಿ. ಮಾರುಕಟ್ಟೆ ಕುಸಿದ ವರ್ಷ ಹುಡುಗಿಯೊಬ್ಬಳ ಶುಲ್ಕಕ್ಕೆ ದಿಢೀರನೆ ಕತ್ತರಿ ಬೀಳಬಾರದಲ್ಲ.

ಇಡುಗಂಟು ತುಂಬುವವರೆಗೆ ಯಾರಿಗೂ ಏನೂ ಸಿಗದೆ ನಾಲ್ಕೈದು ವರ್ಷ ಕಳೆದುಹೋಗುವುದುಂಟು. ಅದಕ್ಕೆ ಕಂತನ್ನು ಎರಡಾಗಿ ಒಡೆದೆ. ವರ್ಷಕ್ಕೆ 24 ಪಾಲು ಕೊಟ್ಟರೆ 20 ಗಂಟಿಗೆ, 4 ನೇರವಾಗಿ ಆ ವರ್ಷದ ಆಟಗಾರರಿಗೆ. ಐದು ವರ್ಷಕ್ಕೆ ಗಂಟು 100 ಆಗುತ್ತದೆ, ಅದರಿಂದಲೇ 4 ಹುಟ್ಟುತ್ತದೆ. ಮೊದಲ ವರ್ಷದಿಂದಲೇ ನೆರವು ಸಿಗುತ್ತದೆ, ನಡುವೆ ಕಡಿಯುವುದಿಲ್ಲ.

ಹಣ ಕಳಿಸುವ ಮುಂಚೆ ಕಾಲೇಜನ್ನು ಎರಡು ವಿಷಯ ಕೇಳಿ. ಒಂದು, ಆಟದ ಆಧಾರದ ಮೇಲೆ ವಿದ್ಯಾರ್ಥಿವೇತನ ಕೊಡಲು ನಿಯಮ ಬಿಡುತ್ತದೆಯೇ? ಅಮೆರಿಕದಲ್ಲಿ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಮೂರನೇ ಡಿವಿಷನ್ ಕಾಲೇಜುಗಳು ಹಾಗೆ ಕೊಡುವಂತಿಲ್ಲ. ಇನ್ನೊಂದು ಇದಕ್ಕಿಂತ ಮುಖ್ಯ: ನಮ್ಮ ಹಣ ಬಂತೆಂದು ಆ ವಿದ್ಯಾರ್ಥಿಗೆ ಮೊದಲೇ ಸಿಗುತ್ತಿದ್ದ ನೆರವನ್ನು ಅಷ್ಟೇ ಇಳಿಸುತ್ತಾರೆಯೇ? ಇಳಿಸಿದರೆ ಲಾಭ ಕಾಲೇಜಿನ ಖಜಾನೆಗೆ. ‘ಈ ಮೊತ್ತ ಮೊದಲು ವಿದ್ಯಾರ್ಥಿಯ ಸಾಲವನ್ನು ತಗ್ಗಿಸಬೇಕು, ಅನುದಾನವನ್ನಲ್ಲ’ ಎಂಬ ಸಾಲನ್ನು ಬರೆಸಿಕೊಳ್ಳಿ. ಬಾಯಿಮಾತಿನ ಭರವಸೆ ಗುಮಾಸ್ತರು ಬದಲಾದರೆ ಮುಗಿಯಿತು.

ಒಪ್ಪಂದ ಪತ್ರದಲ್ಲಿ ಹೆಚ್ಚು ಕೆಡುವುದು ‘ಮಾತ್ರ’ ಎಂಬ ಪದದಿಂದ. ‘ಫಾರ್ವರ್ಡ್ ಆಟಗಾರರಿಗೆ ಮಾತ್ರ’, ‘ಇಂಥ ಊರಿನವರಿಗೆ ಮಾತ್ರ’ ಎಂದು ಬರೆದರೆ ಅರ್ಹರಿಲ್ಲದ ವರ್ಷ ಹಣ ಕೊಳೆಯುತ್ತದೆ. ನಾನು ಬರೆಸಿದ್ದು ಹೀಗೆ: ‘ಹಾಕಿ ತಂಡದವರಿಗೆ ಮೊದಲ ಆದ್ಯತೆ, ಅರ್ಹರಿಲ್ಲದಿದ್ದರೆ ಅಥವಾ ತಂಡವೇ ನಿಂತುಹೋದರೆ ಕಾಲೇಜಿನ ಬೇರೆ ತಂಡದ ಆಟಗಾರರಿಗೆ.’ ಮುಂದಿನ ಸಾಲು ಗಾಯದ್ದು. ಮಂಡಿಯ ಲಿಗಮೆಂಟ್ ಪೂರ್ತಿ ಹರಿದವರು ಎಷ್ಟೋ ಸಲ ಸುಮಾರು ಒಂದು ವರ್ಷ ಮೈದಾನಕ್ಕಿಳಿಯುವಂತಿಲ್ಲ. ವೇತನ ‘ತಂಡದಲ್ಲಿ ಆಡುತ್ತಿರಬೇಕು’ ಎಂಬುದಕ್ಕೆ ಕಟ್ಟಿಕೊಂಡಿದ್ದರೆ ಮಂಡಿ ಕಟ್ಟಿಕೊಂಡು ಆಡಲು ಬರುತ್ತಾರೆ, ಉಳಿದದ್ದೂ ಹಾಳಾಗುತ್ತದೆ. ಗಾಯವಾದರೂ ಪದವಿ ಮುಗಿಯುವವರೆಗೆ ವೇತನ ನಿಲ್ಲದು ಎಂದೇ ಬರೆಸಿ. ಅಂಕಗಳನ್ನು ವರ್ಷದ ಕೊನೆಗೆ ನೋಡಿ. ಪಂದ್ಯಾವಳಿ ಇರುವ ಸೆಮಿಸ್ಟರ್‌ನಲ್ಲಿ ಅಂಕ ಜಾರುವುದು ಸಹಜ.

ನಾಲ್ವರಿಗೆ ಒಂದೊಂದು ವರ್ಷ ಕೊಡುವುದಕ್ಕಿಂತ ಒಬ್ಬರಿಗೆ ನಾಲ್ಕು ವರ್ಷ ಕೊಡುವುದೇ ಮೇಲು ಎಂಬುದು ನನ್ನ ಮತ. ಫೋಟೋದಲ್ಲಿ ಮುಖಗಳು ಕಡಿಮೆ ಕಾಣುತ್ತವೆ, ಇರಲಿ.

ಶುಲ್ಕದ ಹೊರಗಿನ ಖರ್ಚಿಗೂ ಸ್ವಲ್ಪ ಬಿಡಿ. ಗೋಲ್‌ಕೀಪರ್ ಬಿಟ್ಟು ಉಳಿದ ಹತ್ತು ಜನ ಸ್ಟಿಕ್, ಶೂ, ಶಿನ್‌ಗಾರ್ಡ್, ಮೌತ್‌ಗಾರ್ಡ್ ಇದ್ದರೆ ಅಂಕಣಕ್ಕಿಳಿಯುತ್ತಾರೆ. ಗೋಲ್‌ಕೀಪರ್‌ಗೆ ಹೆಲ್ಮೆಟ್, ಎದೆಗವಚ, ಎರಡೂ ಕೈಗೆ ಗಾರ್ಡ್, ಲೆಗ್‌ಗಾರ್ಡ್, ಶೂ ಮೇಲೆ ಕಟ್ಟುವ ಕಿಕ್ಕರ್ ಎಲ್ಲ ಬೇಕು. ಕಿಕ್ಕರ್‌ನ ಪಟ್ಟಿ ಟರ್ಫ್‌ಗೆ ಉಜ್ಜಿ ಉಜ್ಜಿ ಮೊದಲು ಹರಿಯುತ್ತದೆ. ಸಮಾನವಾಗಿ ಹಂಚಿದರೆ ಗೋಲ್‌ಕೀಪರ್‌ಗೇ ಅನ್ಯಾಯ. ರಶೀದಿ ನೋಡಿ ಕೊಡುವ ಪುಟ್ಟ ಬಾಬತ್ತು ಬೇರೆಯೇ ಇರಲಿ.

ಆಯ್ಕೆ ಸಮಿತಿಯಲ್ಲಿ ಕೊಟ್ಟವರು ಕೂರಬಾರದು. ಕೋಚ್ ಅಭಿಪ್ರಾಯ ಹೇಳಲಿ, ಮತ ಬೇಡ. ಇಲ್ಲವಾದರೆ ವೇತನವೇ ತಂಡದ ಶಿಸ್ತಿನ ಕೋಲಾಗುತ್ತದೆ. ಅರ್ಜಿ ಒಂದೇ ಪುಟ ಸಾಕು. ಕೊನೆಯ ದಿನಾಂಕ ಗೊತ್ತು ಮಾಡುವ ಮುನ್ನ ಪಂದ್ಯಗಳ ವೇಳಾಪಟ್ಟಿ ತರಿಸಿ ನೋಡಿ: ತಂಡ ಊರೂರು ಸುತ್ತುವ ವಾರದಲ್ಲಿ ಗಡುವು ಇಟ್ಟರೆ ಅರ್ಜಿ ಹಾಕುವವರು ಬೆಂಚಿನಲ್ಲಿ ಉಳಿದವರಷ್ಟೇ.